ಒತ್ತಿದರೆ ಹಿಗ್ಗುತ್ತದೆಯೇ ಹಿಮಾಲಯ?

ಆತ್ಮೀಯರೇ,

ವಿಜಯನಗರದಿಂದ ನೀವು ಬರೆದ ಕಾಗದ ಕೈಸೇರಿತು. ಕಳೆದ ಸಂಚಿಕೆಯಲ್ಲಿ ಒಂದು ಕಡೆ ‘ಭಾರತ ಏಷ್ಯಾವನ್ನು ಒತ್ತಿದ್ದರಿಂದ ಹಿಮಾಲಯ ಎದ್ದಿತು’ ಎಂದೂ ಇನ್ನೊಂದು ಕಡೆ ‘ಟಿಬೆಟ್ ಹಿಗ್ಗುತ್ತಿದೆ’ ಎಂದೂ ಬರೆದಿದ್ದೆವು. ಎರಡರಲ್ಲಿ ಒಂದು ಅಚ್ಚಿನ ತಪ್ಪು, ಅಲ್ವಾ ಎಂದು ಕೇಳಿದ್ದೀರಿ. ನಮ್ಮಲ್ಲಿ ಅಚ್ಚಿನ ತಪ್ಪಿಗೇನೂ ಬರವಿಲ್ಲ. ಇದು ಮಾತ್ರ ತಪ್ಪಲ್ಲ.

ಅಂಗೈ ಒದ್ದೆ ಮಾಡಿಕೊಂಡು ಮೆತ್ತಗಿನ ರಾಗಿಮುದ್ದೆಯನ್ನು ಎರಡೂ ಕಡೆಯಿಂದ ಒತ್ತಿ ನೋಡಿ. ಮೊದಲು ಮೇಲಕ್ಕೆ ಉಬ್ಬುತ್ತದೆ. ಇನ್ನೂ ಒತ್ತಿದರೆ, ಕೈ ಅಡ್ಡವಿಲ್ಲದ ಪಕ್ಕಗಳಿಗೆ ಜಾರುತ್ತದೆ. ಟಿಬೆಟ್ಟಿನದೂ ಹೆಚ್ಚುಕಡಿಮೆ ಇದೇ ಕತೆ. ಭಾರತ-ಏಷ್ಯಾ ಡಿಕ್ಕಿ ಶುರುವಾಗಿ ಸುಮಾರು 5 ಕೋಟಿ ವರ್ಷವಾಯಿತು. ಅಲ್ಲಿನ ಭೂಚಿಪ್ಪು, ಅಂದರೆ ಭೂಮಿಯ ಹೊರಪದರ, ಈಗ 70 ಕಿ.ಮೀ.ನಷ್ಟು ದಪ್ಪ. ಬೇರೆ ಕಡೆಗಿಂತ ಇಮ್ಮಡಿ. ಅಷ್ಟು ದಪ್ಪವಾದರೆ ಆಳದ ಬಂಡೆ ಕಾದು ಮೆತ್ತಗಾಗುತ್ತದೆ, ಮೇಲಿನ ಭಾರ ತಾಳದೆ ಹರಡುತ್ತದೆ. ದಕ್ಷಿಣದಿಂದ ಭಾರತ ಒತ್ತುತ್ತಲೇ ಇದೆ. ಹಾಗಾಗಿ ಜಾಗ ಸಿಗುವುದು ಪೂರ್ವ-ಪಶ್ಚಿಮಕ್ಕೆ. ಮೇಲಿನ ಪದರ ಮಾತ್ರ ಗಟ್ಟಿ, ಅದು ಸೀಳುತ್ತದೆ. ಟಿಬೆಟ್ಟಿನಲ್ಲಿ ಉತ್ತರ-ದಕ್ಷಿಣವಾಗಿ ಸಾಲುಸಾಲು ಕುಸಿದ ಕಣಿವೆಗಳಿರುವುದು ಅದಕ್ಕೇ. ನೇಪಾಳದ ಮುಸ್ತಾಂಗ್ ಕೂಡ ಅಂಥದೊಂದು ಕುಸಿತದಲ್ಲಿದೆ.

1975ರ ಜನವರಿಯಲ್ಲಿ ಹಿಮಾಚಲದ ಕಿನ್ನೌರ್ ನಡುಗಿದ್ದೂ ಇಂಥ ಎಳೆತದಿಂದಲೇ. ಹಿಮಾಲಯದ ಭೂಕಂಪವೆಲ್ಲ ಒತ್ತಡದ್ದೇ ಎಂದು ನಾನೂ ಬಹಳ ದಿನ ನಂಬಿದ್ದೆ. (ಲೇಖನದಲ್ಲಿ ಕಿನ್ನೌರ್ ‘ಕಣ್ಣೂರು’ ಆಗಿತ್ತು. ಅದು ನಮ್ಮ ತಪ್ಪೇ.)

ನನಗೆ ಜಾಸ್ತಿ ಇಷ್ಟವಾದ ಸಾಕ್ಷಿ ಎವರೆಸ್ಟ್. 8,849 ಮೀಟರ್ ಎತ್ತರದ ಆ ತುದಿಯಲ್ಲಿರುವುದು ಕಡಲ ತಳದ ಸುಣ್ಣಕಲ್ಲು. ಇಷ್ಟು ಅನೇಕರಿಗೆ ಗೊತ್ತು. ಆದರೆ ಆ ಸುಣ್ಣಕಲ್ಲಿನ ಅಡಿಯಲ್ಲೇ ಒಂದು ದೊಡ್ಡ ಬಿರುಕು ಹಾದುಹೋಗಿದೆ. ಬಿರುಕಿನ ಮೇಲಿನ ಬಂಡೆ ಉತ್ತರದ ಇಳಿಜಾರಿಗೆ ಜಾರಿದೆ. ಅದೂ ಯಾವಾಗ? ಬೆಟ್ಟ ಇನ್ನೂ ಏಳುತ್ತಿದ್ದಾಗಲೇ. ಬುಡದಲ್ಲಿ ಒತ್ತು, ತಲೆಯಲ್ಲಿ ಜಾರು.

ಒತ್ತುವ ಕೈ ಸಡಿಲವಾದರೆ ಹರಡುವುದು ಇನ್ನೂ ಸಲೀಸು. ಅಮೆರಿಕದ ನೆವಾಡ ಭಾಗದ ನೆಲ ಹೀಗೆ ಹಿಗ್ಗಿ ಸುಮಾರು ಎರಡರಷ್ಟು ಅಗಲವಾಗಿದೆ. ಇಟಲಿಯ ಅಪೆನೈನ್ ಬೆಟ್ಟಗಳೂ ಈಗ ಹಿಗ್ಗುತ್ತಿವೆ. 2009ರ ಭೂಕಂಪದಲ್ಲಿ ಅಲ್ಲಿನ ಲಾಕ್ವಿಲಾ ಊರು ಉರುಳಿದ್ದು ಅದರಿಂದಲೇ.

ಇನ್ನು, ‘ಹಾಗಾದರೆ ನಮ್ಮ ಲಾಲ್‌ಬಾಗ್ ಬಂಡೆ?’ ಎಂಬ ನಿಮ್ಮ ಕೊನೆಯ ಪ್ರಶ್ನೆ. ಅದಕ್ಕೆ ಸುಮಾರು 300 ಕೋಟಿ ವರ್ಷ ವಯಸ್ಸು. ಎಂದೋ ತಣ್ಣಗಾಗಿ ಗಟ್ಟಿಯಾದ ಮುದ್ದೆ ಅದು. ನಿಶ್ಚಿಂತೆಯಿಂದ ವಾಕಿಂಗ್ ಹೋಗಿಬನ್ನಿ.

– ಸಂಪಾದಕ