ಬ್ಲಾಂಡ್ ಏಲ್ ರುಚಿ ನೋಡೋದು ಹೇಗೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಳಿಯ ಬೆಂಗಳೂರಿನಿಂದ ಕಾರಿನಲ್ಲಿ ಬರುವಾಗ ಕ್ರಾಫ್ಟ್ ಬ್ಲಾಂಡ್ ಏಲ್ ಬಾಟಲಿಗಳನ್ನು ತಂದಿದ್ದ. ಮಂಡಕ್ಕಿ, ಮಿರ್ಚಿ ಜೊತೆ ಕುಡಿದೆವು. ಕಿಕ್ಕೂ ಇಲ್ಲ, ರುಚಿಯೂ ಗೊತ್ತಾಗಲಿಲ್ಲ. ಇಷ್ಟು ದುಡ್ಡು ಕೊಡುವಂಥದ್ದು ಇದರಲ್ಲಿ ಏನಿದೆ? ಒಳ್ಳೆಯದೋ ಅಲ್ಲವೋ ಅಂತ ತಿಳಿಯೋದು ಹೇಗೆ?
— ಓದುಗರೊಬ್ಬರು, ಬಳ್ಳಾರಿ

ಉತ್ತರ: ಇದು ಕಿಕ್ಕಿಗಾಗಿ ಮಾಡಿದ ಬಿಯರ್ ಅಲ್ಲ. ನಮ್ಮ ಕಡೆ ಎಲ್ಲರೂ ಕೇಳೋದು ಸ್ಟ್ರಾಂಗ್ ಬಿಯರ್. ಅದರಲ್ಲಿ ಆಲ್ಕೋಹಾಲ್ ಶೇ 8ರವರೆಗೂ ಇರುತ್ತದೆ. ಬ್ಲಾಂಡ್ ಏಲ್‌ನಲ್ಲಿ ಸಾಮಾನ್ಯವಾಗಿ ಶೇ 3.8ರಿಂದ 5.5. ತಂಪಿನಲ್ಲಿ ಹುಳಿಯಿಸಿದ ಮಾಮೂಲಿ ಬಿಯರ್ ಲಾಗರ್, ತುಸು ಬೆಚ್ಚಗೆ ಹುಳಿಯಿಸಿದ್ದು ಏಲ್. ಲಾಗರ್ ರೂಢಿಯಾದವರನ್ನು ಏಲ್ ಕಡೆ ಎಳೆಯೋಕೆ ಅಮೆರಿಕದ ಸಣ್ಣ ಬ್ರೂವರಿಗಳು ಬ್ಲಾಂಡ್ ಏಲ್ ಬೆಳೆಸಿದವು. ಕಹಿಯೂ ಕಡಿಮೆ, ಕಹಿ ಅಳೆಯುವ ಐಬಿಯು ಲೆಕ್ಕದಲ್ಲಿ 15ರಿಂದ 28 ಅಷ್ಟೇ. ಕಪ್ಪಗೆ ಹುರಿದ ಮಾಲ್ಟ್ (ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿ) ಇಲ್ಲ, ಕಹಿ, ಘಮ ಕೊಡುವ ಹಾಪ್ಸ್ ಹೂವಿನ ಅಬ್ಬರ ಇಲ್ಲ. ಹಾಗಾಗಿ ಮಾಡುವವರ ಸಣ್ಣ ತಪ್ಪೂ ಬಿಳಿ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ ಥಟ್ಟನೆ ಗೊತ್ತಾಗುತ್ತದೆ. ಅದಕ್ಕೇ ಈ ಬಿಯರ್ ಚೆನ್ನಾಗಿ ಮಾಡುವವರ ಮೇಲೆ ನನಗೆ ಗೌರವ ಜಾಸ್ತಿ.

ಮೊದಲು ಮಿರ್ಚಿ ಪಕ್ಕಕ್ಕಿಡಿ. ನಮ್ಮೂರ ಮಿರ್ಚಿ ನನಗೂ ಇಷ್ಟವೇ, ಆದರೆ ಆ ಖಾರದ ಮುಂದೆ ಇಷ್ಟು ಮೆದು ರುಚಿ ನಿಲ್ಲೋದಿಲ್ಲ. ಒಂದು ಚೂರು ಬರೀ ಜೋಳದ ರೊಟ್ಟಿ, ಒಂದು ಗುಟುಕು ನೀರು ಸಾಕು. ಸ್ಟೀಲ್ ಲೋಟ ಬೇಡ, ಗಾಜಿನ ಗ್ಲಾಸ್ ಬೇಕು. ಫ್ರಿಜ್‌ನಿಂದ ತೆಗೆದು ಸ್ವಲ್ಪ ಹೊತ್ತು ಬಿಡಿ. 7-8 ಡಿಗ್ರಿ ಇದ್ದರೆ ಘಮ ಏಳುತ್ತದೆ. ಮೇ ತಿಂಗಳಲ್ಲಿ ಆದರೆ ಕಾಯೋದೇ ಬೇಡ, ಸುರಿಯುವಷ್ಟರಲ್ಲೇ ಹದಕ್ಕೆ ಬಂದಿರುತ್ತದೆ.

ಗ್ಲಾಸ್ ಓರೆ ಹಿಡಿದು ಸುರಿಯಿರಿ, ಅರ್ಧ ಆದ ಮೇಲೆ ನೆಟ್ಟಗೆ ಮಾಡಿ. ಹೊನ್ನಿನ ಬಣ್ಣ, ಮೇಲೆ ಬೆಳ್ಳಗಿನ ನೊರೆ. ತಕ್ಷಣ ಮೂಗಿಟ್ಟು ಎರಡು ಸಲ ಚಿಕ್ಕದಾಗಿ ಎಳೆದುಕೊಳ್ಳಿ. ಮೊದಲು ಬ್ರೆಡ್ಡಿನಂಥ ಮಾಲ್ಟ್ ಘಮ ಬರಬೇಕು, ಅದರ ಹಿಂದೆ ಯೀಸ್ಟ್ ಕೊಡುವ ಹಣ್ಣಿನ ವಾಸನೆ, ತೀರಾ ಸಣ್ಣಗೆ. ಆಮೇಲೆ ಗುಟುಕು. ನಾಲಿಗೆ ತುಂಬ ಆಡಿಸಿ ನುಂಗಿ, ಉಗಿಯಬೇಡಿ. ಕಹಿಯ ನಿಜವಾದ ಲೆಕ್ಕ ನುಂಗಿದ ಮೇಲೇ ಸಿಗೋದು. ಒಳ್ಳೆಯ ಬ್ಲಾಂಡ್‌ನಲ್ಲಿ ಮಾಲ್ಟ್‌ನ ನವಿರು ಸಿಹಿ ಬಂದು, ಕಹಿ ಅದನ್ನು ಹಿಡಿದು, ಎರಡೂ ಒಟ್ಟಿಗೆ ಹೋಗುತ್ತವೆ. ಕಹಿ ಗಂಟಲಲ್ಲೇ ಅಂಟಿಕೊಂಡು ಕೂತರೆ ನಾನು ಅಂಕ ಕಳೆಯುತ್ತೇನೆ.

ಅಂಕಕ್ಕೆ ನಾನು ನೆಚ್ಚೋದು ಬಿಯರ್ ತೀರ್ಪುಗಾರರಿಗೆ ಪರೀಕ್ಷೆ ನಡೆಸುವ ಅಮೆರಿಕದ ಸಂಸ್ಥೆ ಬಿಜೆಸಿಪಿಯ ಪಟ್ಟಿಯನ್ನು. ಒಟ್ಟು 50: ಘಮಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಕೂರುವ ರೀತಿಗೆ 5, ಒಟ್ಟಾರೆಗೆ 10. ಬಣ್ಣ ನೋಡಿ ಮರುಳಾಗುವವರು ಆ 3ನ್ನು ನೆನಪಿಡಬೇಕು.

ಇನ್ನು ದೋಷಗಳು. ಬೆಣ್ಣೆ ವಾಸನೆ ಬಂದರೆ ಡೈಅಸಿಟೈಲ್ ಎಂಬ ರಾಸಾಯನಿಕ ಉಳಿದಿದೆ ಅಂತ. ಹಸಿ ಸೇಬಿನ ವಾಸನೆ ಬಂದರೆ ಅಸಿಟಾಲ್ಡಿಹೈಡ್. ಯೀಸ್ಟ್‌ಗೆ ಕೆಲಸ ಮುಗಿಸಲು ಬಿಡದೆ ಅವಸರ ಮಾಡಿದಾಗ ಇವೆರಡೂ ಉಳಿಯುತ್ತವೆ. ಬೇಯಿಸಿದ ಮೆಕ್ಕೆಜೋಳದ ವಾಸನೆ ಡಿಎಂಎಸ್ ಎಂಬ ಗಂಧಕದ ಸಂಯುಕ್ತದ್ದು. ನೆಂದ ರಟ್ಟಿನ ವಾಸನೆ ಬಂದರೆ ಬಿಯರ್‌ಗೆ ಆಮ್ಲಜನಕ ತಾಗಿ ಹಳಸಿದೆ ಅಂತ ಅರ್ಥ. ಶಾಖ ಇದನ್ನು ಬೇಗ ಮಾಡಿಸುತ್ತದೆ. ಬೆಂಗಳೂರಿನಿಂದ ಬಳ್ಳಾರಿಗೆ ಸುಮಾರು 300 ಕಿ.ಮೀ. ಬೇಸಿಗೆಯಲ್ಲಿ ಕಾರಿನ ಡಿಕ್ಕಿ ಕಾದ ಹಂಚು ಆಗಿರುತ್ತದೆ, ಅಲ್ವಾ? ಕಂದು ಬಾಟಲಿ ಬೆಳಕನ್ನು ತಡೆಯುತ್ತದೆ, ಶಾಖವನ್ನಲ್ಲ. ಮುಂದಿನ ಸಲ ಅಳಿಯನಿಗೆ ಐಸ್ ಬಾಕ್ಸ್‌ನಲ್ಲಿ ತರಲು ಹೇಳಿ. ಆ ಬಾಟಲಿಯನ್ನು ರೊಟ್ಟಿ ಚೂರಿನ ಜೊತೆ ಕುಡಿದು ನನಗೆ ಬರೆಯಿರಿ.

ಪ್ರಶ್ನೆ: ಎಷ್ಟು ಎತ್ತರದಿಂದ ಸುರಿದರೂ ನೊರೆ ನಿಲ್ಲೋದಿಲ್ಲ. ಬಿಯರ್ ಕೆಟ್ಟಿದೆಯಾ?
— ಓದುಗರೊಬ್ಬರು, ರಾಯಚೂರು

ಉತ್ತರ: ಮೊದಲು ಗ್ಲಾಸ್ ನೋಡಿ. ಒಳಗೋಡೆಗೆ ಗುಳ್ಳೆಗಳು ಅಂಟಿಕೊಂಡಿದ್ದರೆ ಅಲ್ಲಿ ಜಿಡ್ಡಿದೆ. ಎಣ್ಣೆ ಪಾತ್ರೆ ತೊಳೆದ ಸ್ಪಂಜಿನಿಂದಲೇ ಗ್ಲಾಸ್ ತೊಳೆದರೆ ಹೀಗಾಗುತ್ತದೆ. ಬೇರೆ ಸ್ಪಂಜು ಇಡಿ, ಸೋಪು ಪೂರ್ತಿ ಹೋಗುವಂತೆ ತಣ್ಣೀರಲ್ಲಿ ಜಾಲಾಡಿಸಿ, ಬಟ್ಟೆಯಲ್ಲಿ ಒರೆಸದೆ ಬೋರಲು ಹಾಕಿ.

ಪ್ರಶ್ನೆ: ಬೆಲ್ಜಿಯನ್ ಬ್ಲಾಂಡ್ ಅಂದರೂ ಇದೇನಾ?
— ಓದುಗರೊಬ್ಬರು, ಗಂಗಾವತಿ

ಉತ್ತರ: ಅಲ್ಲ. ಅದರಲ್ಲಿ ಆಲ್ಕೋಹಾಲ್ ಶೇ 6ರಿಂದ 7.5. ಬೆಲ್ಜಿಯಂ ಯೀಸ್ಟ್‌ನಿಂದ ಸಣ್ಣಗೆ ಮಸಾಲೆಯ ಘಮವೂ ಇರುತ್ತದೆ. ಬಣ್ಣ ನೋಡಿ ಮೋಸ ಹೋಗಬೇಡಿ, ಸುರಿಯುವ ಮೊದಲು ಲೇಬಲ್ ಓದಿ.