ಶೇಕಡಾ ಒಂದರ ವಾಪಸಿಗೆ ಮರುಳಾದವರಿಗೆ

ಈ ಬಾರಿ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ. ಊರು ಬೇರೆ, ಕೈಬರಹ ಬೇರೆ, ಹಟ ಮಾತ್ರ ಒಂದೇ. ಒಮ್ಮೆ ಉದ್ದವಾಗಿಯೇ ಉತ್ತರಿಸುತ್ತೇನೆ, ಮತ್ತೆ ಕೇಳಬೇಡಿ.

ಪ್ರಶ್ನೆ: ನಾನು ಕಲಬುರಗಿಯಲ್ಲಿ ಶಿಕ್ಷಕ. ಕ್ರೆಡಿಟ್ ಕಾರ್ಡ್ ಬಿಲ್ಲನ್ನು ಪ್ರತಿ ತಿಂಗಳು ಪೂರ್ತಿ ಕಟ್ಟುತ್ತೇನೆ. ಈವರೆಗೆ ಒಂದು ರೂಪಾಯಿ ಬಡ್ಡಿ ಬಿದ್ದಿಲ್ಲ. ಮೇಲಾಗಿ ಶೇ 1ರಷ್ಟು ಕ್ಯಾಶ್‌ಬ್ಯಾಕ್. ಆದರೂ ನೀವು ನಗದೇ ಮೇಲು ಎನ್ನುತ್ತೀರಲ್ಲ, ಏಕೆ?

ನಿಮ್ಮ ಬಡ್ಡಿಯ ಬಗ್ಗೆ ನನಗೆ ತಕರಾರಿಲ್ಲ. ಕಾರ್ಡ್ ಬರುವುದಕ್ಕಿಂತ ಹಿಂದಿನ ವರ್ಷ ನಿಮ್ಮ ಮನೆಯ ತಿಂಗಳ ಖರ್ಚು ಎಷ್ಟಿತ್ತು, ಅದನ್ನು ಹೇಳಿ. ಹೇಳಲಾರಿರಿ. ಕ್ಯಾಶ್‌ಬ್ಯಾಕ್ ಎಷ್ಟು ಬಂತೆಂದು ಪೈಸೆ ಸಮೇತ ಹೇಳುವವರು ಈ ಪ್ರಶ್ನೆಗೆ ತಡವರಿಸುತ್ತಾರೆ. 20,000 ರೂಪಾಯಿ ಬಿಲ್ಲಿಗೆ ಶೇ 1 ಎಂದರೆ 200 ರೂಪಾಯಿ. ಕಾರ್ಡ್ ಇದೆ ಎಂಬ ಧೈರ್ಯಕ್ಕೆ ನೂರಕ್ಕೆ ಬರೀ ಐದರಂತೆ ಹೆಚ್ಚು ಕೊಂಡಿದ್ದರೂ ಹೋದದ್ದು ಸುಮಾರು ಸಾವಿರ.

ಹೆಚ್ಚು ಕೊಳ್ಳುವುದಿಲ್ಲ ಎನ್ನುತ್ತೀರಿ. ಎಲ್ಲರೂ ಹಾಗೆಯೇ ಅಂದುಕೊಂಡಿರುತ್ತಾರೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಡ್ರೇಜನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ ಎಂಬ ಇಬ್ಬರು ಪ್ರಾಧ್ಯಾಪಕರು ಮ್ಯಾನೇಜ್‌ಮೆಂಟ್ ವಿದ್ಯಾರ್ಥಿಗಳ ಮುಂದೆ ಬ್ಯಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್‌ಗಳನ್ನು ಹರಾಜಿಗಿಟ್ಟರು. ಕೆಲವರಿಗೆ ನಗದು ಕೊಡಬೇಕೆಂದರು, ಉಳಿದವರಿಗೆ ಕಾರ್ಡ್ ನಡೆಯುತ್ತದೆ ಎಂದರು. ಕಾರ್ಡಿನವರ ಸರಾಸರಿ ಕೂಗು ನಗದಿನವರ ಇಮ್ಮಡಿಗಿಂತ ಹೆಚ್ಚಿತ್ತು. ಇದು 2001ರಲ್ಲಿ ಪ್ರಕಟವಾದ ಅಧ್ಯಯನ. ಲೆಕ್ಕ ಬಾರದವರಲ್ಲ ಅವರು, ಲೆಕ್ಕವನ್ನೇ ಓದಲು ಬಂದವರು.

ಹಾಗೆಂದು ನಿಮ್ಮ ತೊಗರಿ ಬೇಳೆಯ ಖರ್ಚೂ ಇಮ್ಮಡಿಯಾಗುತ್ತದೆ ಎಂದು ನಾನು ಹೆದರಿಸುವುದಿಲ್ಲ. ಬೇಳೆಗೆ ಕಿಲೋಗೆ ಇಷ್ಟೆಂದು ದರವಿದೆ, ಮನೆಗೆ ತಿಂಗಳಿಗೆ ಇಷ್ಟು ಕಿಲೋ ಎಂದೂ ಇದೆ. ಕೈ ಸಡಿಲವಾಗುವುದು ಅಳತೆಯಿಲ್ಲದ ಕಡೆ: ಸೀರೆ, ಮೊಬೈಲ್, ಹೋಟೆಲ್ ಊಟ, ಮದುವೆಯ ಜವಳಿ. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಕಡೆಯ ಜವಳಿ ಅಂಗಡಿಯಲ್ಲಿ ಒಂದು ತಾಸು ಕುಳಿತು ನೋಡಿ. ನೋಟಿನ ಕಟ್ಟು ಹಿಡಿದ ಹಿರಿಯರು ಬೆರಳಿಗೆ ಉಗುಳು ಹಚ್ಚಿ ಎಣಿಸುತ್ತಾರೆ, ನಡುವೆ ನಿಲ್ಲುತ್ತಾರೆ, ಒಂದು ಸೀರೆಯನ್ನು ಪಕ್ಕಕ್ಕೆ ಸರಿಸುತ್ತಾರೆ. ಆ ನಿಲ್ಲುವುದೇ ಉಳಿತಾಯ. ಕಾರ್ಡಿಗೆ ಎಣಿಕೆಯೂ ಇಲ್ಲ, ನಡುವೆ ನಿಲ್ಲುವುದೂ ಇಲ್ಲ.

‘ನಮ್ಮ ಹಿರಿಯರೂ ಉದ್ರಿ ತರುತ್ತಿದ್ದರಲ್ಲ’ ಎಂದು ಹುಮನಾಬಾದಿನ ಓದುಗರೊಬ್ಬರು ವಾದಿಸಿದ್ದಾರೆ. ತರುತ್ತಿದ್ದರು. ಆದರೆ ಕಿರಾಣಿ ಅಂಗಡಿಯ ಉದ್ರಿ ಪುಸ್ತಕಕ್ಕೆ ಒಂದು ಮುಖವಿತ್ತು. ‘ಹಿಂದಿನ ಬಾಕಿ ಹಾಗೇ ಇದೆ’ ಎಂದು ಅಂಗಡಿಯವನು ನಾಲ್ಕು ಜನರ ಮುಂದೆ ಹೇಳುತ್ತಿದ್ದ. ಆ ಸಂಕೋಚಕ್ಕೆ ಸಕ್ಕರೆ ಅರ್ಧ ಕಿಲೋ ಕಡಿಮೆ ಬರುತ್ತಿತ್ತು. ಕಾರ್ಡ್ ಕೊಟ್ಟ ಬ್ಯಾಂಕ್ ನಿಮ್ಮನ್ನು ನಾಚಿಸುವುದಿಲ್ಲ, ಮಿತಿ ಹೆಚ್ಚಿಸಿಕೊಳ್ಳಿ ಎಂದು ಸಂದೇಶ ಕಳಿಸುತ್ತದೆ.

ಬೇಕಾದರೆ ಹೀಗೆ ಮಾಡಿ. ವಿದ್ಯುತ್ ಬಿಲ್, ವಿಮೆ, ಶಾಲಾ ಶುಲ್ಕ ಕಾರ್ಡಿನಲ್ಲಿ ಹೋಗಲಿ. ಅಲ್ಲಿ ಮೊತ್ತವನ್ನು ಹಿಗ್ಗಿಸಲು ನಿಮಗೆ ಅವಕಾಶವಿಲ್ಲ. ಹಿಗ್ಗುವ ಖರ್ಚಿಗೆಲ್ಲ ಎರಡು ತಿಂಗಳು ನಗದು, ಅದೂ 500ರ ನೋಟುಗಳಲ್ಲಿ. ದೊಡ್ಡ ನೋಟು ಮುರಿಸಲು ಮನಸ್ಸು ಹಿಂದೇಟು ಹಾಕುತ್ತದೆ, ಚಿಲ್ಲರೆಯಾದರೆ ಅದು ಸಂಜೆಯೊಳಗೆ ಕರಗುತ್ತದೆ. ಇದೂ ಪ್ರಯೋಗಗಳಲ್ಲಿ ಕಂಡ ಸಂಗತಿಯೇ. ಎರಡು ತಿಂಗಳ ಮೊತ್ತವನ್ನು ಹಳೆಯ ಬಿಲ್ಲುಗಳ ಪಕ್ಕ ಇಡಿ. ವ್ಯತ್ಯಾಸವೇ ಇಲ್ಲದಿದ್ದರೆ ಕಾರ್ಡ್ ಧಾರಾಳವಾಗಿ ಬಳಸಿ, ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ.

ಪ್ರಶ್ನೆ: ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ಹಣ ಆಗಲೇ ಹೋಗುತ್ತದೆ. ಅದು ನಗದಿದ್ದಂತೆ ತಾನೆ?

ಹೋಗುವುದು ನಿಜ, ಹೋಗುವುದು ಕಾಣುವುದಿಲ್ಲ. ಜೊತೆಗೆ 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನೂ ಯುಪಿಐಗೆ ಜೋಡಿಸಬಹುದು. ಚಹಾದಂಗಡಿಯ ಸ್ಕ್ಯಾನ್ ಉಳಿತಾಯ ಖಾತೆಯಿಂದಲೋ ಸಾಲದಿಂದಲೋ, ಒತ್ತುವ ಮುನ್ನ ನೋಡಿಕೊಳ್ಳಿ.

ಪ್ರಶ್ನೆ: ಕನಿಷ್ಠ ಮೊತ್ತ ಕಟ್ಟುತ್ತ ಹೋದರೆ ಸಿಬಿಲ್ ಅಂಕ (ಸಾಲ ತೀರಿಸುವ ನಡತೆಗೆ ಸಿಗುವ ಅಂಕ) ಏರುತ್ತದೆಯಂತೆ, ಹೌದೇ?

ಏರುವುದು ಅಂಕವಲ್ಲ, ಬಡ್ಡಿಯ ಹೊರೆ. ಬಿಲ್ 30,000, ಕನಿಷ್ಠ 1,500 ಕಟ್ಟಿದಿರಿ, ಉಳಿದದ್ದು 28,500. ತಿಂಗಳಿಗೆ ಶೇ 3.5 ಬಡ್ಡಿ, ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ: ಸುಮಾರು 1,177 ರೂಪಾಯಿ. ನೀವು ಕಟ್ಟಿದ 1,500ರಲ್ಲಿ ಸಾಲ ಕರಗಿದ್ದು 323. ಹೊಸ ಖರೀದಿಗೆ ಬಡ್ಡಿಯಿಲ್ಲದ ದಿನಗಳೂ ಕೈತಪ್ಪುತ್ತವೆ. ಇದನ್ನು ಹೇಳಿಕೊಟ್ಟ ಗೆಳೆಯನ ಬಾಕಿ ಎಷ್ಟಿದೆ, ಒಮ್ಮೆ ವಿಚಾರಿಸಿ.

ಪ್ರಶ್ನೆ: ಬೀದರಿನಲ್ಲಿ ಒಬ್ಬರು ಕಾರ್ಡ್ ಉಜ್ಜಿಸಿಕೊಂಡು, ಕಮಿಷನ್ ಹಿಡಿದು ನಗದು ಕೊಡುತ್ತಾರೆ. ತುರ್ತಿಗೆ ಒಳ್ಳೆಯದಲ್ಲವೇ?

ಮಾರದ ಸರಕಿಗೆ ಬಿಲ್ ಹಾಕುವ ವ್ಯವಹಾರವದು. ಬ್ಯಾಂಕಿಗೆ ತಿಳಿದರೆ ನಿಮ್ಮ ಕಾರ್ಡ್ ರದ್ದಾಗಬಹುದು. ಆ ಅಂಗಡಿಗೆ ಮತ್ತೆ ಹೋಗಬೇಡಿ.

ಪ್ರಶ್ನೆ: ಬಡ್ಡಿರಹಿತ ಕಂತಿನಲ್ಲಿ (ಇಎಂಐ) ಕೊಳ್ಳಬಹುದೇ?

ಶೂನ್ಯ ಬಡ್ಡಿ ಎಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿದೆ. ಒಂದೇ ಸಲ ಕೊಟ್ಟರೆ ಎಷ್ಟು ಬಿಡುತ್ತೀರಿ ಎಂದು ಅಂಗಡಿಯವರನ್ನು ಕೇಳಿ. ಕೈತಪ್ಪಿದ ಆ ರಿಯಾಯಿತಿಯೇ ನಿಮ್ಮ ಬಡ್ಡಿ.

ಪ್ರಶ್ನೆ: ಐದು ಸಾವಿರ ಕೊಟ್ಟರೆ ಸಿಬಿಲ್ ಸರಿಪಡಿಸಿಕೊಡುತ್ತೇವೆ ಎನ್ನುವವರನ್ನು ನಂಬಬಹುದೇ?

ನಂಬಬೇಡಿ. ಬ್ಯಾಂಕ್ ಕಳಿಸಿದ ಸರಿಯಾದ ದಾಖಲೆಯನ್ನು ಅಳಿಸುವ ಶಕ್ತಿ ಇವರಿಗಿಲ್ಲ. ತಪ್ಪಿದ್ದರೆ ತಿದ್ದಿಸಲು ನೀವೇ ಅರ್ಜಿ ಹಾಕಬಹುದು, ಅದಕ್ಕೆ ಶುಲ್ಕವಿಲ್ಲ. ವರ್ಷಕ್ಕೊಂದು ಪೂರ್ಣ ವರದಿಯೂ ಉಚಿತ. ಒಟಿಪಿ ಕೇಳುವವರಾದರೆ ಮಾತು ಮುಗಿಸದೆ ಫೋನ್ ಇಡಿ.

ಪ್ರಶ್ನೆ: ಇಷ್ಟೆಲ್ಲ ಹೇಳುವ ನಿಮ್ಮ ಬಳಿ ಕಾರ್ಡ್ ಇದೆಯೇ? (ಯಾದಗಿರಿಯಿಂದ)

ಒಂದಿದೆ. ರೈಲು ಟಿಕೆಟ್ಟಿಗೆ ಮತ್ತು ಆಸ್ಪತ್ರೆಗೆ. ಉಳಿದ ದಿನ ಅಲಮಾರಿನಲ್ಲಿರುತ್ತದೆ, ಬೀಗದ ಕೈ ಹೆಂಡತಿಯ ಬಳಿ.