ಐಬಿಎಸ್‌ಗೆ ಪ್ರೊಬಯಾಟಿಕ್: ಸಂಖ್ಯೆ ನೋಡಬೇಡಿ, ತಳಿ ನೋಡಿ

ಪ್ರಶ್ನೆ: ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್, ಕರುಳು ಕೆರಳುವ ತೊಂದರೆ) ಎಂದು ಡಾಕ್ಟರ್ ಹೇಳಿದ್ದಾರೆ. ಹೊಟ್ಟೆ ನುಲಿತ, ಉಬ್ಬರ, ಆಗಾಗ ಭೇದಿ. ಎರಡು ವಾರ ಪ್ರೊಬಯಾಟಿಕ್ (ಕರುಳಿಗೆ ಒಳ್ಳೆಯದೆಂದು ಸೇವಿಸುವ ಜೀವಂತ ಬ್ಯಾಕ್ಟೀರಿಯಾ) ತೆಗೆದುಕೊಂಡರೆ ಗ್ಯಾಸ್ ಇನ್ನೂ ಹೆಚ್ಚಾಯಿತು. 5,000 ಕೋಟಿ ಬ್ಯಾಕ್ಟೀರಿಯಾ ಇರುವ ಕ್ಯಾಪ್ಸೂಲ್‌ಗೆ ಬದಲಾಯಿಸಲೇ?

ಉತ್ತರ: ಬೇಡ. 2006ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಐಬಿಎಸ್ ಇದ್ದ 362 ಮಹಿಳೆಯರಿಗೆ ಬೈಫಿಡೋಬ್ಯಾಕ್ಟೀರಿಯಂ ಇನ್‌ಫ್ಯಾಂಟಿಸ್ 35624 ಎಂಬ ತಳಿಯನ್ನು ದಿನಕ್ಕೆ 10 ಲಕ್ಷ, 10 ಕೋಟಿ, 1,000 ಕೋಟಿ ಎಂದು ಮೂರು ಪ್ರಮಾಣಗಳಲ್ಲಿ, ಇನ್ನೊಂದು ಗುಂಪಿಗೆ ಔಷಧವಿಲ್ಲದ ಹುಸಿ ಗುಳಿಗೆ ಕೊಟ್ಟು ನೋಡಿದರು. ನಾಲ್ಕು ವಾರದ ಕೊನೆಗೆ ಹುಸಿ ಗುಳಿಗೆಯನ್ನು ಸ್ಪಷ್ಟವಾಗಿ ಮೀರಿಸಿದ್ದು ನಡುವಿನ 10 ಕೋಟಿಯದು ಮಾತ್ರ. 1,000 ಕೋಟಿಯ ಕ್ಯಾಪ್ಸೂಲ್‌ನೊಳಗಿನ ಪುಡಿ ನೀರು ತಾಗಿದಾಗ ಅಂಟಿನಂಥ ಗಟ್ಟಿ ಮುದ್ದೆಯಾಗುತ್ತಿತ್ತು; ಬ್ಯಾಕ್ಟೀರಿಯಾ ಹೊರಗೆ ಬರುವುದೇ ಕಷ್ಟವಾಗಿತ್ತು.

ಒಟ್ಟಾರೆ ಪುರಾವೆ ಇನ್ನೂ ದುರ್ಬಲ. ಅಮೆರಿಕದ ಜಠರ-ಕರುಳು ತಜ್ಞರ ಸಂಘಟನೆಯ 2021ರ ಮಾರ್ಗಸೂಚಿ ಐಬಿಎಸ್‌ಗೆ ಪ್ರೊಬಯಾಟಿಕ್ ಬೇಡ ಎನ್ನುತ್ತದೆ. ಅದೇ ವರ್ಷದ ಬ್ರಿಟನ್ ಮಾರ್ಗಸೂಚಿ ಇಂಥದ್ದೇ ತಳಿ ಎಂದು ಹೇಳಲಾಗದಿದ್ದರೂ 12 ವಾರದವರೆಗೆ ನೋಡಿ, ಗುಣ ಕಾಣದಿದ್ದರೆ ನಿಲ್ಲಿಸಿ ಎನ್ನುತ್ತದೆ. ಪ್ರಯತ್ನಿಸಲೇಬೇಕೆಂದಿದ್ದರೆ ಎರಡನೆಯ ದಾರಿಯೇ ಸರಿ ಎಂಬುದು ನಮ್ಮ ಅಭಿಪ್ರಾಯ.

ಮೊದಲು ಈಗಿನ ಡಬ್ಬಿಯ ಹಿಂಬದಿ ಓದಿ. ಇನುಲಿನ್ ಅಥವಾ ಫ್ರಕ್ಟೋ-ಆಲಿಗೋಸ್ಯಾಕರೈಡ್ ಎಂಬ ನಾರಿನಂಶ ಸೇರಿದ್ದರೆ ಗ್ಯಾಸ್‌ಗೆ ಅದೇ ಕಾರಣವಿರಬಹುದು: ಇವು ಸಣ್ಣ ಕರುಳಲ್ಲಿ ಜೀರ್ಣವಾಗದೆ ದೊಡ್ಡ ಕರುಳಲ್ಲಿ ಹುದುಗುತ್ತವೆ. ಆ ಡಬ್ಬಿ ಬಿಡಿ. ಏನನ್ನೂ ತೆಗೆದುಕೊಳ್ಳದೆ ಒಂದು ವಾರ ನೋವಿಗೆ, ಉಬ್ಬರಕ್ಕೆ 0ಯಿಂದ 10ರವರೆಗೆ ಅಂಕ ಬರೆದಿಡಿ. ಎಷ್ಟು ಸಲ ಮಲವಿಸರ್ಜನೆ ಎಂಬುದನ್ನೂ. ಆಮೇಲೆ ಕುಲ, ಪ್ರಭೇದದ ಜೊತೆಗೆ ತಳಿಯ ಸಂಕೇತವನ್ನೂ (ಮೇಲಿನ 35624ರಂಥದ್ದು) ಮುದ್ರಿಸಿರುವ, ಆ ತಳಿಯ ಮೇಲೆ ಪ್ರಯೋಗ ನಡೆದಿರುವ ಒಂದನ್ನೇ ಆರಿಸಿ. ಕನಿಷ್ಠ ನಾಲ್ಕು ವಾರ, ಡಬ್ಬಿಯಲ್ಲಿ ಹೇಳಿದಷ್ಟೇ, ಬಿಸಿ ಪಾನೀಯದ ಜೊತೆ ಬೇಡ. ಈ ಅವಧಿಯಲ್ಲಿ ಆಹಾರವನ್ನೂ ಬೇರೆ ಔಷಧವನ್ನೂ ಬದಲಿಸಬೇಡಿ. ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದೇ ಇಲ್ಲ. ಐಬಿಎಸ್ ತಾನಾಗಿಯೇ ಏರಿಳಿಯುವ ಕಾಯಿಲೆ, ಹುಸಿ ಗುಳಿಗೆಯಿಂದಲೂ ಎಷ್ಟೋ ಮಂದಿಗೆ ಹಗುರವೆನಿಸುತ್ತದೆ. ಹಾಗಾಗಿ ನೆನಪಿಗಿಂತ ಬರೆದಿಟ್ಟ ಅಂಕವನ್ನೇ ನಂಬಿ.

ಪ್ರಶ್ನೆ: ಯಾರು ತೆಗೆದುಕೊಳ್ಳಬಾರದು?

ಉತ್ತರ: ರೋಗನಿರೋಧಕ ಶಕ್ತಿ ತೀರಾ ಕುಗ್ಗಿರುವವರು, ದೊಡ್ಡ ರಕ್ತನಾಳಕ್ಕೆ ಕ್ಯಾತಿಟರ್ (ತೆಳು ನಳಿಕೆ) ಹಾಕಿಸಿಕೊಂಡಿರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು, ಅಪರೂಪವಾದರೂ ಈ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಸೋಂಕಾದದ್ದುಂಟು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರೆ ಪ್ರೊಬಯಾಟಿಕ್ ನೋಡುತ್ತಾ ಕೂರದೆ ಮೊದಲು ತಪಾಸಣೆ ಮಾಡಿಸಿ.